ಮಾಳು ತಂದ ಗಿಟಾರು

ನಕಲಿ ಗಿಟಾರಿನ ಮಾತು ಬಂದರೆ ಸಾಕು, ಗುರುಪಾದನಿಗೆ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು. ಬನಹಟ್ಟಿಯಲ್ಲಿ ನೂಲಿನ ಅಂಗಡಿಯೊಂದರ ಮೇಲೆ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಅವನು ಸಂಜೆ ಹೊತ್ತು ಗಿಟಾರು ಕಲಿಸುತ್ತಿದ್ದ. ಕಲಿಯಲು ಬಂದವರೆಲ್ಲ ಇವತ್ತಲ್ಲ ನಾಳೆ ಒಂದೇ ಪ್ರಶ್ನೆ ಕೇಳುತ್ತಿದ್ದರು. ಸರ್, ಫೋನಿನ್ಯಾಗ ದೊಡ್ಡ ಕಂಪನಿ ಹೆಸರಿನ ಎಲೆಕ್ಟ್ರಿಕ್ ಗಿಟಾರು ಭಾಳ ಸೋವಿ ಸಿಗಾಕತ್ತೈತಿ, ಡುಪ್ಲಿಕೇಟ್ ಅಂತ, ಆದ್ರೂ ನೋಡಾಕ ಥೇಟ್ ಹಂಗ ಐತಿ, ತಗೋಬಹುದೇನ್ರಿ?

"ತಗೋ, ತಗೊಂಡು ಒಲಿಗೆ ಹಾಕು. ನೀರರ ಕಾಯ್ತಾವು," ಎನ್ನುತ್ತಿದ್ದ ಗುರುಪಾದ. "ಎರಡ ಹಾಡ ಬಾರಿಸೂದ್ರಾಗ ಸುರ ಇಳೀತೈತಿ. ಮಂದಿ ಹೆಸರ ಹಚಗೊಂಡ ಬಂದದ್ದು ನಿನ್ನ ಹೆಸರ ಎಲ್ಲಿಂದ ಉಳಸ್ತೈತಿ?"

ಹೀಗೆಂದು ಗೋಡೆಯ ಕಡೆ ಕಣ್ಣು ಹಾಯಿಸುವುದು ಅವನ ರೂಢಿ. ಅಲ್ಲಿ ಮೊಳೆಗೆ ಅವನ ಸ್ವಂತದ ಗಿಟಾರು ತೂಗುಬಿಟ್ಟಿತ್ತು. ಕೆಂಪು ಮೈ, ಅದರ ಮೇಲೆ ಸ್ಕ್ರೂ ಬಿಗಿದ ಬಿಳಿ ತಟ್ಟೆ, ತಲೆಯ ಮೇಲೆ ಓರೆ ಅಕ್ಷರದಲ್ಲಿ ಸಮುದ್ರದಾಚೆಯ ದೊಡ್ಡ ಕಂಪನಿಯ ಹೆಸರು. ಕೈ ತೊಳೆದುಕೊಂಡು ಬಂದವರಿಗೆ ಮಾತ್ರ ಅದನ್ನು ಮುಟ್ಟಲು ಕೊಡುತ್ತಿದ್ದ. ರಬಕವಿಯಿಂದ ಬರುತ್ತಿದ್ದ ಸೌಂದರ್ಯಾ ಎಂಬ ಹುಡುಗಿ ಒಮ್ಮೆ ಆಸೆಯಿಂದ ಅಂಥದೇ ಒಂದು ನಕಲಿ ಗಿಟಾರು ಕೊಂಡು ತಂದಾಗ, ಇವನು ಎಲ್ಲರೆದುರು ಅದರ ತಲೆಯ ಮೇಲಿನ ಹೆಸರನ್ನು ಉಗುರಿನಿಂದ ಕೆರೆದು ಸುಲಿದು, "ನೋಡವಾ, ನಿನ್ನ ಕಂಪನಿ ನನ್ನ ಉಗುರಾಗ ಬಂತು," ಎಂದಿದ್ದ. ಎಲ್ಲರೂ ನಕ್ಕರು. ಹುಡುಗಿ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಹೋದವಳು ಮತ್ತೆ ಬರಲಿಲ್ಲ. ಕಲಿಸುವವನು ಕಟುವಾಗಿರಬೇಕು ಎಂದು ಗುರುಪಾದ ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡ.

ತನ್ನ ಗಿಟಾರಿನ ಹೆಸರಿನ ಮೇಲೆ ಉಗುರಾಡಿಸುವ ಯೋಚನೆ ಮಾತ್ರ ಅವನಿಗೆ ಎಂದೂ ಬಂದಿರಲಿಲ್ಲ. ಯಾಕೆ ಬರಬೇಕು? ಅದು ಭಂಡಾರ ಹಿಡಿದು ಮನೆಗೆ ಬಂದ ಗಿಟಾರು.

ತಂದವನು ಮಾಳು. ಬೀಳಗಿ ಕಡೆಯ ಅನಗವಾಡಿಯವನು, ಗುರುಪಾದನ ತಾಯಿ ಪದ್ಮವ್ವನ ಅಣ್ಣ ಹಾಲಸಿದ್ದಪ್ಪನ ಮಗ. ಸಾಲಿ ಕಲಿಯುವ ವಯಸ್ಸಿನಲ್ಲಿ ಗುರುಪಾದನ ಊರಾದ ಹುನ್ನೂರಿಗೆ ಬಂದು ಅತ್ತೆಯ ಮನೆಯಲ್ಲೇ ಇದ್ದ. ಗುರುಪಾದನ ಅಂಗಿ ತೊಟ್ಟು, ಗುರುಪಾದನ ಸೈಕಲ್ಲಿನ ಹಿಂದೆ ಕುಳಿತು, ಗುರುಪಾದನ ತಾಟಿನಲ್ಲೇ ಕೈ ಹಾಕಿ ಉಂಡು ಬೆಳೆದವನು. ಈಗ ಹಳೆಯ ಫೋನು, ಸ್ಪೀಕರು, ಟೀವಿ ಎಂದು ಪುಣೆಯ ಕಡೆಯಿಂದ ತರಿಸಿ ಬೀಳಗಿಯಲ್ಲಿ ಮಾರುತ್ತಿದ್ದ. ಬಾಯಿ ಚುರುಕು, ಕೈ ಇನ್ನೂ ಚುರುಕು. ಊರ ಡೊಳ್ಳಿನ ಮೇಳದಲ್ಲಿ ಅವನು ಕೋಲು ಹಿಡಿದರೆ ಮುದುಕರೂ ಕಾಲು ಕುಣಿಸುತ್ತಿದ್ದರು.

ಗುರುಪಾದನ ಹತ್ತಿರ ಆಗ ಕುತ್ತಿಗೆ ಬಿರುಕು ಬಿಟ್ಟ ಹಳೆಯ ಗಿಟಾರೊಂದಿತ್ತು. ಅದಕ್ಕಿಂತ ಹೆಚ್ಚಿನದೆಂದರೆ ಸರದಾರನಿದ್ದ. ಸರದಾರ ಎಂದರೆ ಟಗರು. ಮರಿ ಇದ್ದಾಗಿನಿಂದ ಹುರಳಿ, ತತ್ತಿ, ಹಾಲು ತಿನ್ನಿಸಿ, ಬೆಳಿಗ್ಗೆ ಹೊಲದ ತನಕ ಓಡಿಸಿ, ಕೊಂಬಿಗೆ ಎಣ್ಣೆ ತಿಕ್ಕಿ ಬೆಳೆಸಿದ ಟಗರು. ಅದು ಗುರುಪಾದನ ದನಿ ಕೇಳಿದರೆ ಹಗ್ಗ ಹರಿದುಕೊಂಡು ಬರುತ್ತಿತ್ತು. ಮಾಳುವಿಗೆ ಅದರ ಮೇಲೆ ಮೊದಲಿನಿಂದ ಕಣ್ಣು. ಬಂದಾಗೊಮ್ಮೆ ಕೇಳುವನು, ಇವನು ಇಲ್ಲ ಎನ್ನುವನು, ಇಬ್ಬರೂ ನಗುವರು.

ಒಂದು ದಿನ ಮಾಳು ಕರಿ ಪೆಟ್ಟಿಗೆಯೊಂದನ್ನು ಹೊತ್ತು ತಂದು ಪಡಸಾಲೆಯಲ್ಲಿಟ್ಟು ಬಿಚ್ಚಿದ. ಪುಣೆಯ ಆರ್ಕೆಸ್ಟ್ರಾದವನೊಬ್ಬ ವಿದ್ಯೆ ಬಿಟ್ಟು ಹೋಟೆಲ್ ಹಾಕಿದ, ಅವನ ಗಿಟಾರು, ಅಸಲಿ ಎಂದ. "ರೊಕ್ಕ ಬ್ಯಾಡ ಭಾವಾ. ಸರದಾರನ್ನ ಕೊಡು."

ಅಂಥ ಗಿಟಾರನ್ನು ಗುರುಪಾದ ಫೋನಿನ ಗಾಜಿನ ಹಿಂದೆ ಮಾತ್ರ ನೋಡಿದ್ದ. ಮಡಿಲಲ್ಲಿಟ್ಟುಕೊಂಡು ತಂತಿ ಮೀಟಿದ, ತಲೆ ಹಿಡಿದು ನೋಡಿದ, ತಿರುಗಿಸಿ ನೋಡಿದ. ಆಸೆ ಎಷ್ಟಿತ್ತೋ ಅಷ್ಟೇ ಅನುಮಾನವೂ ಇತ್ತು.

"ಬಿಲ್ಲ ಐತೇನೋ ಮಾಳ್ಯಾ?"

ಮಾಳು ಮುಖ ಚಿಕ್ಕದು ಮಾಡಿದ. "ನನ್ನ ಕೈಯಾಗ ಬಿಲ್ಲ ಕೇಳತಿ? ಕೇಳು, ನಿಂದೇನೂ ತಪ್ಪಿಲ್ಲ. ಕಾಲ ಹಂಗ ಐತಿ." ಆಮೇಲೆ ಒಳಗಿನ ಕಡೆ ತಿರುಗಿ ಕೂಗಿದ, "ಭಾಗ್ಯಾ, ಚೂರು ಭಂಡಾರ ತಾ."

ಕುಲದೇವರಾದ ಬೀರಪ್ಪನ ಒಕ್ಕಲಿನವರಿಗೆ ಭಂಡಾರವೆಂದರೆ ಬರಿಯ ಅರಿಶಿನವಲ್ಲ, ದೇವರ ಪಾದದ ಮೇಲಿದ್ದು ಬಂದ ಅರಿಶಿನ. ಹೊಲದ ಬದುವಿನ ಜಗಳವಿರಲಿ, ಕುರಿ ಕಳುವಿನ ಮಾತಿರಲಿ, ಹೆಣ್ಣು ಕೊಟ್ಟು ತರುವ ಮಾತಿರಲಿ, ಅಂಗೈಯಲ್ಲಿ ಭಂಡಾರ ಹಿಡಿದು ಆಡಿದ ಮೇಲೆ ಮುಗಿಯಿತು. ಮತ್ತೆ ಕೆದಕಿ ಕೇಳಿದರೆ ಅವಮಾನವಾಗುವುದು ಆಡಿದವನಿಗಲ್ಲ, ದೇವರಿಗೆ. ಪೊಲೀಸ್ ಠಾಣೆಯ ಮೆಟ್ಟಿಲಲ್ಲಿ ಹಲ್ಲು ಕಿರಿದು ಸುಳ್ಳು ಹೇಳುವ ಗಂಡಸರೂ ಭಂಡಾರದ ಮುಂದೆ ತೊದಲಿದ್ದನ್ನು ಗುರುಪಾದ ಕಣ್ಣಾರೆ ಕಂಡಿದ್ದ.

ಗುರುಪಾದನ ತಂಗಿ ಭಾಗ್ಯಾ ತುಸು ಹೊತ್ತು ಮಾಡಿ ತಟ್ಟೆ ಹಿಡಿದು ಬಂದಳು. ಮಾಳು ಚಪ್ಪಲಿ ಬಿಟ್ಟು ಎದ್ದು ನಿಂತು, ಚಿಟಿಕೆಯನ್ನು ಅಂಗೈಗೆ ಹಾಕಿಕೊಂಡ. "ಇದು ಅಸಲಿ ಐತಿ. ನನ್ನ ಮಾತು ಸುಳ್ಳಾಗಿದ್ರ ಬೀರಪ್ಪ ನನ್ನ ನೋಡಿಕೊಳ್ಳಲಿ," ಎಂದು ತನ್ನ ಹಣೆಗೂ ಗುರುಪಾದನ ಹಣೆಗೂ ಹಚ್ಚಿದ. ಗುರುಪಾದನಿಗೆ ಬಿಲ್ಲು ಕೇಳಿದ್ದಕ್ಕೆ ನಾಚಿಕೆಯಾಯಿತು. ತಾನೇ ಹೋಗಿ ಸರದಾರನ ಹಗ್ಗ ಬಿಚ್ಚಿ ತಂದು ಟಂಟಂ ಗಾಡಿಗೆ ಹತ್ತಿಸಿದ. ಅದು ತಿರುಗಿ ತಿರುಗಿ ನೋಡುತ್ತಾ ಹೋಯಿತು. ಇವನು ನೋಡಬಾರದೆಂದು ಒಳಗೆ ಬಂದ.

ಅಲ್ಲಿಂದ ಮುಂದಿನ ಒಂದು ವರ್ಷವನ್ನು ಗುರುಪಾದ ನೆಲದ ಮೇಲೆ ಕಾಲಿಡದೆ ಕಳೆದ ಎನ್ನಬೇಕು. ಮುಧೋಳದ ಶಿವಯೋಗಿ ತನ್ನ ಆರ್ಕೆಸ್ಟ್ರಾದಲ್ಲಿ ಅವನನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ತಂದು ನಿಲ್ಲಿಸಿದ. ಜಮಖಂಡಿಯ ಮದುವೆಗಳಲ್ಲಿ, ಮುಧೋಳದ ಸಕ್ಕರೆ ಕಾರ್ಖಾನೆಯವರ ಕಾರ್ಯಕ್ರಮಗಳಲ್ಲಿ ಶಿವಯೋಗಿ ಮೈಕಿನಲ್ಲಿ, "ನಮ್ಮ ಗುರುಪಾದಣ್ಣನ ಕೈಯಾಗಿರೋದು ಅಮೇರಿಕಾದ ಅಸಲಿ ಗಿಟಾರು," ಎಂದು ಹೇಳದೆ ಹಾಡು ಶುರು ಮಾಡುತ್ತಿರಲಿಲ್ಲ. ಮಂದಿ ಮೊದಲು ಗಿಟಾರಿಗೆ ಚಪ್ಪಾಳೆ ತಟ್ಟಿ ಆಮೇಲೆ ಹಾಡಿಗೆ ತಟ್ಟುತ್ತಿದ್ದರು.

ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳ ಅಂಚು ಬೆರಳಿಗೆ ಚುಚ್ಚುತ್ತಿತ್ತು. ಗುರುಪಾದ ಅರದಿಂದ ತಿಕ್ಕಿ ನುಣುಪು ಮಾಡಿಕೊಂಡು, ನಮ್ಮ ಕಡೆ ಬಿಸಿಲಿಗೆ ಕಟ್ಟಿಗೆ ಕುಗ್ಗಿದೆ ಎಂದುಕೊಂಡ. ತಂತಿ ಬಿಗಿಯುವ ಕಿವಿಗಳು ಸಡಿಲಾಗುತ್ತಿದ್ದವು. ಪುಣೆಯವನು ಜೋಪಾನ ಮಾಡಿಲ್ಲ ಎಂದು ಬೈದುಕೊಂಡ. ಓಣಿಯ ವಿದ್ಯುತ್ ಮಗ್ಗಗಳು ನಡೆಯುವ ಹೊತ್ತಿಗೆ ಗಿಟಾರು ಜೇನು ಹುಳದಂತೆ ಗುಂಯ್‌ಗುಡುತ್ತಿತ್ತು. ಅದಕ್ಕೆ ಬನಹಟ್ಟಿಯ ಕರೆಂಟನ್ನು ಬೈದ. ಬೇರೆಯವರ ಗಿಟಾರಿನಲ್ಲಿ ಇವುಗಳ ಪೈಕಿ ಒಂದು ಕಂಡಿದ್ದರೂ ಸಾಕಿತ್ತು, ಒಲೆಗೆ ಹಾಕಿಸುತ್ತಿದ್ದ.

ಇತ್ತ ಸರದಾರ ಮುಧೋಳದ ಟಗರಿನ ಕಾಳಗದಲ್ಲಿ ಗೆದ್ದ. ಮಾಳು ಗುಲಾಲಿನಲ್ಲಿ ಮಿಂದು ಟ್ರ್ಯಾಕ್ಟರ್ ಮೇಲೆ ಅದರ ಕೊರಳು ತಬ್ಬಿ ನಿಂತ ವಿಡಿಯೋ ಕಳಿಸಿದ್ದ. ಗುರುಪಾದನ ಎದೆಯಲ್ಲಿ ಏನೋ ಚುಳ್ ಎಂದಿತಾದರೂ, ಆಗಲಿ, ಅವನಿಗೂ ಒಳ್ಳೆಯದಾಯಿತು ಎಂದುಕೊಂಡ. ಆ ಸಂತೋಷದಲ್ಲೇ ಹಾಲಸಿದ್ದಪ್ಪ ಹೆಣ್ಣು ಕೇಳಿದ. ಮಾಳುವಿಗೆ ಭಾಗ್ಯಾ. ಕೇಳಬೇಕಾದ್ದೇನೂ ಇರಲಿಲ್ಲ, ಅವರಿಬ್ಬರ ಕಣ್ಣು ಚಿಕ್ಕಂದಿನಿಂದಲೇ ಮಾತು ಮುಗಿಸಿದ್ದವು. ಆದರೆ ತಂದೆ ಕಾಮಣ್ಣ ತೀರಿಕೊಂಡ ಮೇಲೆ ಮನೆಯ ಹಿರಿತನ ಗುರುಪಾದನದು. "ನೀ ಹೂಂ ಅಂದ್ರ ದಸರಾ ಹಬ್ಬ ಮುಗಿದ ಮ್ಯಾಲ ನಾಕ ಮಂದಿ ಹಿರೇರನ್ನ ಕರಕೊಂಡ ಬರತೇನಿ. ನಿನ್ನ ಬಾಯಿಂದ ಬರಬೇಕು," ಎಂದಿದ್ದ ಮಾವ. ಹೂಂ ಎನ್ನಲು ಹಬ್ಬದ ತನಕ ಯಾಕೆ ಕಾಯಬೇಕೆಂದು ಗುರುಪಾದನಿಗೆ ನಗು ಬಂದಿತ್ತು. ಹೆಣ್ಣಿನ ಕಡೆಯವರು ತುಸು ಬಿಗಿಯಾಗಿರಬೇಕೆಂದು ಪದ್ಮವ್ವನೇ ತಡೆದಳು.

ಆಯುಧಪೂಜೆ, ಅಂದರೆ ಖಂಡೇಪೂಜೆಯ ದಿನ ಪದ್ಮವ್ವ ಮನೆಯ ಕುಡಗೋಲು, ಕುರುಪಿ, ಈಳಿಗೆ, ಭಾಗ್ಯಾಳ ಹೊಲಿಗೆಯಂತ್ರ ಎಲ್ಲವನ್ನೂ ಅಂಗಳಕ್ಕೆ ತಂದು ತಿಕ್ಕುತ್ತಾ ಕುಳಿತಿದ್ದಳು. ತುಕ್ಕು ಬಿಡಿಸಲು ಅವಳು ಎಂದಿನಿಂದಲೋ ಜೋಪಾನ ಮಾಡಿದ ಚಿಮಣಿ ಎಣ್ಣೆಯ ಬಾಟಲಿ ಒಂದಿತ್ತು. ಮಗನಿಗೆ ಅನ್ನ ಕೊಡುವ ಸಾಮಾನನ್ನು ಬಿಟ್ಟರೆ ದೇವರು ಮೆಚ್ಚುವನೇ? ಹಬ್ಬಕ್ಕೆಂದು ಮಗ ಬನಹಟ್ಟಿಯಿಂದ ತಂದಿಟ್ಟಿದ್ದ ಗಿಟಾರನ್ನೂ ಎತ್ತಿ ತಂದು ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡು, ತಲೆಯ ಮೇಲಿನ ಕಿವಿಗಳ ಕಿಲುಬನ್ನು ಎಣ್ಣೆ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿದಳು. ಗುರುಪಾದ ಸ್ನಾನ ಮಾಡಿ ಬರುವಷ್ಟರಲ್ಲಿ ಅವಳು ಬಟ್ಟೆ ನೋಡುತ್ತಾ ಕಂಗಾಲಾಗಿ ಕುಳಿತಿದ್ದಳು.

"ಯಪ್ಪಾ ಗುರು, ನಾ ಏನ ಮಾಡಿಬಿಟ್ನೋ. ಅಕ್ಷರ ಎಲ್ಲಾ ಬಟ್ಟಿಗೆ ಬಂದ್ವು. ಮೆಲ್ಲಕ ಒರಸಿದ್ನೆಪ್ಪಾ, ನಿನ್ನಾಣಿ."

ಬಟ್ಟೆಯ ಮೇಲೆ ಕಂಪನಿಯ ಹೆಸರು ಮುದ್ದೆಯಾಗಿ ಅಂಟಿತ್ತು. ಗುರುಪಾದ ತಾಯಿಯ ಕೈಯಿಂದ ಗಿಟಾರು ತೆಗೆದುಕೊಂಡು ಬಿಸಿಲಿಗೆ ಹಿಡಿದ. ಹೆಸರಿದ್ದ ಜಾಗದಲ್ಲಿ ಬೋಳು ವಾರ್ನಿಶು ಫಳಫಳ ಹೊಳೆಯುತ್ತಿತ್ತು. ಆ ಕಂಪನಿಯವರು ಹೆಸರನ್ನು ವಾರ್ನಿಶಿನ ಕೆಳಗೆ ಹಾಕುತ್ತಾರೆಂದು ಸೌಂದರ್ಯಾಳಿಗೆ ಬುದ್ಧಿ ಹೇಳಿದವನೇ ಅವನು.

"ಇರಲಿ ಬಿಡಬೇ, ಏನೂ ಆಗಿಲ್ಲ," ಎಂದ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ, ಸ್ಕ್ರೂ ಬಿಚ್ಚಿ ಬಿಳಿ ತಟ್ಟೆಯನ್ನು ಎತ್ತಿದ. ಕೆಳಗೆ ಕೊರೆದ ಗುಂಡಿಯ ಅಂಚಿನಲ್ಲಿ ಕಟ್ಟಿಗೆ ಪದರ ಪದರವಾಗಿ ಕಂಡಿತು. ಪ್ಲೈವುಡ್ಡು. ಕಪಾಟಿನ ಬಾಗಿಲಿಗೆ ಹಾಕುವಂಥದು. ಅದರೊಳಗೆ ನೂಲಿನೆಳೆಯಷ್ಟು ತೆಳ್ಳನೆಯ ವೈರುಗಳು ಮುದುಡಿ ಕುಳಿತಿದ್ದವು.

ಅವನು ತಟ್ಟೆಯನ್ನು ಮತ್ತೆ ಬಿಗಿದು, ಸ್ಪೀಕರಿಗೆ ಜೋಡಿಸಿ ಬಾರಿಸಿದ. ಗಿಟಾರು ನಿನ್ನೆ ನುಡಿದಂತೆಯೇ ನುಡಿಯಿತು. ದನಿಯಲ್ಲಿ ಕೂದಲೆಳೆಯ ಫರಕಿರಲಿಲ್ಲ. ಗುರುಪಾದನಿಗೆ ಸಹಿಸಲಾಗದ್ದು ಅದೇ. ಕೆಟ್ಟದಾಗಿ ನುಡಿದಿದ್ದರೆ ಕಲ್ಲಿಗೆ ಅಪ್ಪಳಿಸಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇಷ್ಟು ದಿನ ಬೆರಳು ಬಾರಿಸಿದ್ದೇನು, ಕಿವಿ ಕೇಳಿದ್ದೇನು, ತಾನು ಅಷ್ಟು ಜನ ಹುಡುಗರಿಗೆ ಬೊಗಳಿದ್ದೇನು? ಸೌಂದರ್ಯಾ ಗಿಟಾರಿನ ಚೀಲದ ಜಿಪ್ಪು ಎಳೆದುಕೊಂಡು ತಲೆ ತಗ್ಗಿಸಿ ಹೋದದ್ದು ಕಣ್ಣಿಗೆ ಕಟ್ಟಿತು. ಅವನಿಗೆ ಮೈ ಮೇಲೆ ಕೆಂಡ ಸುರಿದಂತಾಯಿತು.

ಪೂಜೆಯ ಕರ್ಪೂರ ಆರುವ ಮೊದಲೇ ಅವನು ಬೈಕು ಹತ್ತಿದ್ದ. ಜಮಖಂಡಿ ದಾಟಿ, ಬೀಳಗಿ ದಾಟಿ ಅನಗವಾಡಿ ಮುಟ್ಟುವ ತನಕ ಅವನ ತಲೆಯಲ್ಲಿ ತಿರುಗಿದ್ದು ಒಂದೇ ಆಸೆ. ಮಾಳುವಿಗೂ ಯಾರೋ ಮೋಸ ಮಾಡಿರಬೇಕು. ಪುಣೆಯವನು ಅವನ ತಲೆಗೂ ಟೊಪ್ಪಿಗೆ ಹಾಕಿರಬೇಕು. ಹಾಗಿದ್ದರೆ ಇಬ್ಬರೂ ಕೂಡಿ ನಕ್ಕುಬಿಡಬಹುದು.

ಮಾಳು ಮನೆಯ ಹಿಂದೆ ಬೇವಿನ ಗಿಡದ ಕೆಳಗೆ ಸರದಾರನ ಮೈ ತೊಳೆಯುತ್ತಿದ್ದ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಗುರುಪಾದ ಬೈಕು ನಿಲ್ಲಿಸಿ ಫೋನಿನಲ್ಲಿ ತೆಗೆದುಕೊಂಡು ಬಂದಿದ್ದ ಗಿಟಾರಿನ ಬೋಳು ತಲೆಯ ಫೋಟೋ ತೋರಿಸಿದ. ಮಾಳು ಅದನ್ನು ನೋಡಿದ. ಆಶ್ಚರ್ಯಪಡಲಿಲ್ಲ, ಯಾರು ಹಿಂಗ ಮಾಡಿದ್ರು ಎಂದು ಕೇಳಲಿಲ್ಲ. ಬಕೀಟು ಕೆಳಗಿಟ್ಟು ಕೈ ಒರೆಸಿಕೊಂಡ. ಗುರುಪಾದನ ಆಸೆ ಅಲ್ಲಿಗೆ ಸತ್ತಿತು.

"ನಿನಗ ಮೊದಲ ಗೊತ್ತಿತ್ತು."

"ಗೊತ್ತಿತ್ತು ಭಾವಾ."

"ಹೆಸರ ಯಾರ ಹಚ್ಚಿದ್ರು?"

"ನಾನ ಹಚ್ಚಿದ್ನಿ. ಹೆಸರ ಬ್ಯಾರೆ ಸಿಗ್ತಾವು, ಗಿಟಾರ ಬ್ಯಾರೆ." ಮಾಳು ತನ್ನ ಎಂದಿನ ವ್ಯಾಪಾರದ ದನಿಗೆ ಬಂದ. "ಸಿಟ್ಟಾಗಬ್ಯಾಡ, ಒಂದ ಮಾತ ಹೇಳ್ತೇನಿ. ನಿನ್ನ ಹಳೇ ಗಿಟಾರ ಹಿಡಕೊಂಡು ನೀ ಇನ್ನಾ ಹಿಂದಿನ ಸಾಲಿನ್ಯಾಗ ಇರ್ತಿದ್ದಿ. ಇದು ಛಲೋ ನುಡೀತೈತೋ ಇಲ್ಲೋ? ಒಂದರ ದಿನ ಕಾರ್ಯಕ್ರಮದಾಗ ಕೈ ಕೊಟ್ಟೈತೇನು? ಡುಪ್ಲಿಕೇಟ್ ಅಂತ ಹೇಳಿ ತಂದಿದ್ರ ನೀ ಮುಟ್ಟತಿದ್ದೇನು ಅದನ್ನ?"

"ಇಲ್ಲ."

"ನೋಡ ಮತ್ತ. ನೀ ಹೆಸರಿಗೆ ಸರದಾರನ್ನ ಕೊಟ್ಟಿ. ನುಡಿಯೂದಕ್ಕಲ್ಲ."

ಗುರುಪಾದನಿಗೆ ಕಪಾಳಕ್ಕೆ ಬಾರಿಸಬೇಕೆನಿಸಿತು. ಬಾರಿಸಲಾಗಲಿಲ್ಲ, ಯಾಕೆಂದರೆ ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. "ಗಿಟಾರ ಹಾಳಾಗಿ ಹೋಗಲಿ," ಎಂದ. "ಪ್ಲೈವುಡ್ಡಿನ್ಯಾಗೂ ದನಿ ಬರತೈತಿ ಅಂತ ಇವತ್ತ ಗೊತ್ತಾತು. ನೀ ಭಂಡಾರ ಹಿಡಿದಿಯಲ್ಲೋ. ನನ್ನ ಹಣಿಗೂ ಹಚ್ಚಿದಿ."

ಇದಕ್ಕೆ ಮಾಳುವಿನ ಬಳಿ ವ್ಯಾಪಾರದ ದನಿ ಉಳಿಯಲಿಲ್ಲ. ಬೇವಿನ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಬಾಯಿತಪ್ಪಿ ಭಂಡಾರ ತಾ ಎಂದು ಕೂಗಿದೆ, ಕೂಗಿದ ಮೇಲೆ ಹಿಂದೆಗೆಯಲಾಗಲಿಲ್ಲ ಎಂದ. ಅವತ್ತಿನಿಂದ ನಿದ್ದೆ ಇಲ್ಲ ಎಂದ. ಆ ತಿಂಗಳೇ ಡೊಳ್ಳಿನ ಚರ್ಮ ಹರಿಯಿತು, ಜ್ವರ ಬಂದು ಮಲಗಿದೆ, ಅವ್ವ ಜಾರಿ ಬಿದ್ದು ಕಾಲು ಮುರಿದುಕೊಂಡಳು, ಎಲ್ಲ ಅದರ ಫಲವೇ ಎಂದ. ಪ್ರತಿ ಅಮಾಸೆಗೆ ಬೀರಪ್ಪನ ಗುಡಿಗೆ ಹೋಗಿ ಮೂಗು ನೆಲಕ್ಕೆ ತಿಕ್ಕಿ ಬರುತ್ತೇನೆ, ಯಾರಿಗೂ ಹೇಳಿಲ್ಲ ಎಂದ. ಅವನ ಕಣ್ಣಲ್ಲಿ ನೀರಿತ್ತು, ಅದು ನಾಟಕವಾಗಿರಲಿಲ್ಲ.

"ಸರದಾರನ್ನ ಕರಕೊಂಡ ಹೋಗ ಭಾವಾ. ಈಗ ಗಾಡಿ ತರಸ್ತೇನಿ."

ಗುರುಪಾದ ಟಗರಿನ ಹತ್ತಿರ ಹೋಗಿ ಹೆಸರು ಹಿಡಿದು ಕರೆದ. ಅದು ಒದ್ದೆ ಮೂತಿಯನ್ನು ತಂದು ಅವನ ಅಂಗೈ ಮೂಸಿತು, ತಿನ್ನಲೇನೂ ಇಲ್ಲವೆಂದು ಕಂಡು, ಹೊರಳಿ ಮಾಳುವಿನ ಹೆಗಲಿಗೆ ತಲೆ ಉಜ್ಜುತ್ತಾ ನಿಂತಿತು. ಗುರುಪಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಇರಲಿ, ಅದು ನಿಂದ ಆಗೇತಿ. ಆದ್ರ ಒಂದ ಕೇಳು. ದೇವರ ಮುಂದ ಸುಳ್ಳ ಆಡಿದಾಂವಗ ನಾ ನನ್ನ ತಂಗೀನ ಕೊಡಾಂಗಿಲ್ಲ. ನಾಳೆ ಅಕಿಗೂ ನೀ ಹಂಗ ಭಂಡಾರ ಹಿಡದ ಹೇಳಾಂವ."

ಮಾಳು ತಲೆಯೆತ್ತಿದ. ಬೈಯಿಸಿಕೊಳ್ಳುವಾಗ ಇಲ್ಲದ ಹೆದರಿಕೆ ಈಗ ಅವನ ಮುಖದಲ್ಲಿತ್ತು. "ನನಗ ಏನ ಬೇಕಾದ್ರೂ ಅನ್ನು. ಭಾಗ್ಯಾನ ಮುಂದ ಮಾತ್ರ ಈ ಮಾತ ತಗೀಬ್ಯಾಡ, ನಿನ್ನ ಕಾಲ ಬೀಳತೇನಿ."

ನಾಚಿಕೆಗೆ ಹಾಗನ್ನುತ್ತಿದ್ದಾನೆ ಎಂದುಕೊಂಡು ಗುರುಪಾದ ಬೈಕು ತಿರುಗಿಸಿದ.

ದಾರಿಯುದ್ದಕ್ಕೂ ಅವನಿಗೆ ತಂಗಿಯದೇ ಚಿಂತೆ. ಅವಳಿಗೆ ಈ ಮಾತನ್ನು ಹೇಗೆ ಹೇಳುವುದು? ಚಿಕ್ಕಂದಿನಿಂದ ಮಾಳು ಮಾಳು ಎಂದು ಜಪಿಸಿದವಳು. ಅಪ್ಪ ಹೋದಾಗ ಅವಳಿನ್ನೂ ಲಂಗದ ಹುಡುಗಿ. ಅವಳ ಟೇಲರಿಂಗ್ ಕಲಿಕೆ, ಯಂತ್ರ, ಅವಳ ಕಿವಿಯ ಓಲೆ, ಎಲ್ಲದಕ್ಕೂ ತನ್ನ ಬೆರಳಿನ ತುದಿಯೇ ಸವೆದದ್ದು. ಅವಳು ಅಳುತ್ತಾಳೆ, ಊಟ ಬಿಡುತ್ತಾಳೆ, ಬಿಡಲಿ. ನಾಳೆ ಗಂಡನ ಮನೆಯಲ್ಲಿ ಅಳುವುದಕ್ಕಿಂತ ಇಂದು ಅಣ್ಣನ ಮನೆಯಲ್ಲಿ ಅಳಲಿ. ಹೀಗೆ ಅಂದುಕೊಂಡಾಗ ಅವನಿಗೆ ತುಸು ಧೈರ್ಯ ಬಂತು. ಮೋಸ ಹೋದದ್ದು ತಾನು, ಆದರೆ ತಂಗಿಯನ್ನು ಉಳಿಸಿಕೊಳ್ಳುವುದು ಇನ್ನೂ ತನ್ನ ಕೈಯಲ್ಲಿದೆ.

ಮನೆಗೆ ಬಂದಾಗ ಇಳಿಹೊತ್ತು. ಪದ್ಮವ್ವ ಪೂಜೆಯ ಪ್ರಸಾದ ಕೊಡಲು ಓಣಿಯ ಹಿರಿಯರ ಮನೆಗೆ ಹೋಗಿದ್ದಳು. ಭಾಗ್ಯಾ ಪಡಸಾಲೆಯಲ್ಲಿ ಯಂತ್ರದ ಮುಂದೆ ಯಾರದೋ ಹಬ್ಬದ ಕುಪ್ಪಸ ಮುಗಿಸುತ್ತಿದ್ದಳು. ಗುರುಪಾದ ಎದುರಿನ ಕಟ್ಟೆಯ ಮೇಲೆ ಕುಳಿತು, ಸುತ್ತಿ ಬಳಸದೆ ಹೇಳಿದ. ಗಿಟಾರು ನಕಲಿ ಎಂದ. ಮಾಳು ಬೇಕಂತಲೇ ಮಾಡಿದ ಎಂದ. ಅವಳ ಕೈ ನಿಂತಿತು, ಆದರೆ ತಲೆ ಏಳಲಿಲ್ಲ.

"ಗಿಟಾರಿಗೆ ನಾ ಇಷ್ಟ ಮಾಡತಿರಲಿಲ್ಲವ್ವಾ. ಅಂವ ಬೀರಪ್ಪನ ಭಂಡಾರ ಹಿಡದ ಸುಳ್ಳ ಆಡಿದ. ಅಂಥಾವನ ಮನಿಗೆ ನಿನ್ನ ಕೊಡೂದಿಲ್ಲ. ನಿನಗ ದುಃಖ ಆಗತೈತಿ, ನನಗ ಗೊತ್ತೈತಿ."

ಭಾಗ್ಯಾ ಸೂಜಿಯಿಂದ ದಾರ ಕಿತ್ತು ಕುಪ್ಪಸವನ್ನು ಮಡಚಿಟ್ಟಳು.

"ಅಂವ ಭಂಡಾರ ಹಿಡಿದಿಲ್ಲಣ್ಣ."

"ನನ್ನ ಹಣಿಗೆ ಹಚ್ಯಾನ. ನೀ ಅಲ್ಲೇ ನಿಂತಿದ್ದಿ."

"ಅದು ಪಲ್ಯಾಕ ಹಾಕೂ ಅರಿಷಿಣ. ಅಡಗಿ ಮನಿ ಡಬ್ಬಿದು. ನಾನ ತಂದದ್ದು."

ಗುರುಪಾದನಿಗೆ ತಕ್ಷಣಕ್ಕೆ ಅರ್ಥವಾಗಲಿಲ್ಲ. ಅವಸರದಲ್ಲಿ ತಪ್ಪಿ ತಂದಳೇನೋ ಎಂದು ಅವಳ ಮುಖ ನೋಡಿದ. ಆ ಮುಖದಲ್ಲಿ ತಪ್ಪಿದ ಗುರುತಿರಲಿಲ್ಲ.

"ಯಾಕ?"

"ಅಂವ ಬರೂ ಮೊದಲ ಫೋನಿನ್ಯಾಗ ನನ್ನ ಮುಂದ ಎಲ್ಲಾ ಹೇಳಿದ್ದ. ಅಣ್ಣಗ ಹಿಂಗ ಮಾಡಬ್ಯಾಡ ಅಂತ ಬೈದಿದ್ನಿ, ಕೇಳಲಿಲ್ಲ. ಬಂದು ಭಂಡಾರ ತಾ ಅಂತ ಒದರಿಬಿಟ್ಟ, ಹುಚ್ಚ. ನಾ ದೇವರ ಜಗಲಿ ಮುಂದ ಹೋಗಿ ನಿಂತ್ನಿ. ಕೈ ಬರಲಿಲ್ಲ. ದೇವರ ಭಂಡಾರ ಹಿಡದು ಸುಳ್ಳ ಆಡಿ ಅಂವ ಹಾಳಾಗಿ ಹೋಗಬಾರದು ಅನಿಸ್ತು. ಡಬ್ಬಿ ತಗದು ಅರಿಷಿಣ ಹಾಕಿಕೊಂಡ ಬಂದ್ನಿ. ಅವಗೂ ಇವತ್ತಿನ ತನಕ ಹೇಳಿಲ್ಲ. ಅಂಜಿಕಿ ಇರಲಿ ಅಂತ ಬಿಟ್ಟೇನಿ."

ಅವಳು ಇದನ್ನು ಹೆಮ್ಮೆಯಿಂದ ಹೇಳಲಿಲ್ಲ. ಕದ್ದು ಸಿಕ್ಕವರಂತೆಯೂ ಹೇಳಲಿಲ್ಲ. ಮಳೆ ಬರುವ ಹಾಗಿತ್ತು, ಬಟ್ಟೆ ಒಳಗೆ ತಂದೆ ಎನ್ನುವ ದನಿಯಲ್ಲಿ ಹೇಳಿದಳು. ಮಾಳು ಬೇವಿನ ಕೆಳಗೆ ಯಾಕೆ ಕಾಲು ಬೀಳಲು ಬಂದನೆಂದು ಗುರುಪಾದನಿಗೆ ಈಗ ತಿಳಿಯಿತು. ಅವಳು ಜಗಲಿಯ ಮುಂದೆ ನಿಂತ ಆ ತುಸು ಹೊತ್ತಿನಲ್ಲಿ ತಾನು ಪಡಸಾಲೆಯಲ್ಲಿ ಗಿಟಾರು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ. ಇಬ್ಬರಲ್ಲಿ ಒಬ್ಬನನ್ನು ಉಳಿಸುವ ದಾರಿ ಅವಳ ಕೈಯಲ್ಲಿತ್ತು. ಅವಳು ಯಾರನ್ನು ಉಳಿಸಿದಳು ಎಂಬುದು ತಿಳಿದಾಗ ಅವನ ಎದೆಯಲ್ಲಿ ಎದ್ದದ್ದು ಸಿಟ್ಟಲ್ಲ. ಅನಗವಾಡಿಯಿಂದ ಹೊತ್ತು ತಂದಿದ್ದ ಸಿಟ್ಟು ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಬರಿಯ ಸಂಕಟವಿತ್ತು.

"ನನ್ನ ಕಿವ್ಯಾಗ ಒಂದ ಮಾತ ಹಾಕಬಾರದಿತ್ತೇನವಾ? ಅವತ್ತಲ್ಲ, ಮರುದಿನ ಹೇಳಿದ್ರೂ ನಡೀತಿತ್ತು. ಇಷ್ಟ ದಿನ ನಾ ಊರ ತುಂಬ ಅದನ್ನ ಹಿಡಕೊಂಡ ಮೆರದ್ನಿ."

"ಹೇಳಿದ್ರ ನೀ ಅವನ್ನ ಮನಿಗೆ ಸೇರಸ್ತಿರಲಿಲ್ಲ. ಗಿಟಾರರ ಛಲೋ ನುಡೀತಿತ್ತು, ನೀ ಖುಷಿ ಇದ್ದಿ. ನಿನಗೇನ ಕಡಿಮಿ ಆತು ಅಂತ ಸುಮ್ಮನಾದ್ನಿ."

"ನನ್ನ ಗತಿ ಏನ ಅಂತ ಒಮ್ಮಿನೂ ಅನಿಸಲಿಲ್ಲ ನಿನಗ?"

ಭಾಗ್ಯಾ ಈಗ ತಲೆಯೆತ್ತಿ ಅಣ್ಣನನ್ನು ನೋಡಿದಳು. ಪ್ರಶ್ನೆಯೇ ವಿಚಿತ್ರವೆಂಬಂತೆ ನೋಡಿದಳು.

"ನೀ ಅಣ್ಣ ಅಲ್ಲೇನು? ನೀ ಎಲ್ಲಿ ಹೋಗತಿ?"

ಅವಳ ಕಣ್ಣಲ್ಲಿ ಕಪಟವಿರಲಿಲ್ಲ, ಪ್ರೀತಿಯೇ ಇತ್ತು. ಮಾಳು ಹೊರಗಿನವನು, ಮಾರಲು ಬಂದ, ಮಾರಿದ. ಇವಳಿಗೆ ಅಣ್ಣನಿಗೆ ಮೋಸ ಮಾಡಿದೆ ಎಂದು ಅನಿಸಿಯೇ ಇರಲಿಲ್ಲ. ಅಣ್ಣನೆಂದರೆ ಮನೆಯ ಕಂಬ, ಅದಕ್ಕೆ ಮೊಳೆ ಹೊಡೆದರೆ ಯಾರು ಕ್ಷಮೆ ಕೇಳುತ್ತಾರೆ?

ಅವನ ಕಿಸೆಯಲ್ಲಿ ಫೋನು ಗುಂಯ್ಗುಟ್ಟಿತು. ಹಾಲಸಿದ್ದಪ್ಪ. ಅವನು ಹೊರತೆಗೆದ ಫೋನಿನ ಮೇಲೆ ಭಾಗ್ಯಾ ಆ ಹೆಸರು ನೋಡಿದಳು. ಕುಪ್ಪಸದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಅವಳ ಬೆರಳು ಬೆಳ್ಳಗಾಗಿದ್ದವು.

"ಗುರು, ಮಾಳ್ಯಾ ಆಗಿಂದ ಮಾರಿ ಸಪ್ಪಗ ಮಾಡಿಕೊಂಡ ಕುಂತಾನ, ಏನ ಕೇಳಿದ್ರೂ ಬಾಯಿ ಬಿಡವೊಲ್ಲ," ಎಂದಿತು ಮಾವನ ದನಿ. "ನೀ ಬಂದ ಹೋದೀ ಅಂತ. ಏನರ ಮಾತ ಬಂತೇನ ನಿಮ್ಮೊಳಗ? ನಾ ಹಿರೇರಿಗೆ ಏನ ಹೇಳಲಿ?"

ಗುರುಪಾದ ತಂಗಿಯ ಕೈಗಳನ್ನು ನೋಡಿದ. ಈ ಸಂಬಂಧಕ್ಕೆ ಒಪ್ಪಿಗೆ ಇಲ್ಲ ಎನ್ನಲು 'ಇ' ಅಕ್ಷರ ಬಾಯಿಯವರೆಗೆ ಬಂದಿತ್ತು. ಅಂದುಬಿಟ್ಟರೆ ಮುಗಿಯುತ್ತಿತ್ತು. ಅಂದು ಆಮೇಲೆ ಅವಳನ್ನು ಈ ಪಡಸಾಲೆಯಲ್ಲಿ ದಿನಾ ಎದುರಿಗೆ ನೋಡುವುದು ಹೇಗೆ? ಅವಳು ಹೇಳಿದ್ದು ಖರೆ ಇತ್ತು. ಅವನಿಗೆ ಹೋಗಲು ಜಾಗವಿರಲಿಲ್ಲ.

"ಏನೂ ಇಲ್ರಿ ಮಾವಾ. ಬರ್ರಿ ನೀವು."

"ಒಪ್ಪಿಗಿ ಐತಲ್ಲಪ್ಪಾ? ಮನಸಿನ್ಯಾಗ ಏನೂ ಇಟಗೊಂಡಿಲ್ಲಲ್ಲ?"

"ಏನೂ ಇಲ್ರಿ."

ಮಾವ ದೇವರಿಗೆ ಕೈ ಮುಗಿದದ್ದು, ಒಳಗೆ ಯಾರನ್ನೋ ಕೂಗಿ ಹೇಳಿದ್ದು, ಹಿರಿಯರ ಹೆಸರು ಎಣಿಸತೊಡಗಿದ್ದು ಎಲ್ಲ ಕೇಳಿಸುತ್ತಿತ್ತು. ಗುರುಪಾದ ಹೂಂ ಹೂಂ ಎನ್ನುತ್ತಿದ್ದ. ಅವನು ಫೋನು ಇಡುವಷ್ಟರಲ್ಲಿ ಭಾಗ್ಯಾ ಸೂಜಿಗೆ ದಾರ ಪೋಣಿಸಿ ಯಂತ್ರ ತುಳಿಯಲು ಶುರು ಮಾಡಿದ್ದಳು.